ಶೇಕಡಾ ಹದಿನೈದಕ್ಕೂ ಒಂದು ಬೆಲೆಯುಂಟು



ಈ ಬಾರಿಯ ಬರಹ ತುಸು ರಸಾಯನಶಾಸ್ತ್ರದ ಕಡೆಗೆ ವಾಲಲಿದೆ. ನಿವೃತ್ತನಾಗಿ ಇಷ್ಟು ವರ್ಷಗಳಾದರೂ ಮೇಷ್ಟ್ರು ಪಾಠ ಬಿಡಲಿಲ್ಲವಲ್ಲ ಎಂದು ನೀವು ನಕ್ಕರೂ ಚಿಂತೆಯಿಲ್ಲ. ನಮ್ಮ ಮನೆಗಳಲ್ಲಿ ಸಂಶೋಧನೆಗೆ ತೊಡಗಿರುವ ಮಕ್ಕಳನ್ನು ನಾವು ಹೇಗೆ ಕಾಣುತ್ತಿದ್ದೇವೆ, ಅವರಿಗೆ ದೊರೆತ ಸಣ್ಣ ಸಂಖ್ಯೆಗಳನ್ನು ಹೇಗೆ ತೂಗುತ್ತಿದ್ದೇವೆ ಎಂಬುದು ಇಲ್ಲಿನ ಪ್ರಶ್ನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಪ್ರಾಮಾಣಿಕವಾಗಿ ಅಳೆದು ಬರೆದ ಸಣ್ಣ ಫಲಿತಾಂಶವನ್ನು ಮುಚ್ಚಿಡುವ ಪದ್ಧತಿ ವಿಜ್ಞಾನಕ್ಕೂ ಕೇಡು, ಅದನ್ನು ಅಳೆದ ಮಕ್ಕಳಿಗೂ ಕೇಡು.

ಇದನ್ನು ಬರೆಯಲು ಕಾರಣವಿದೆ. ನನ್ನ ತಂಗಿಯ ಮೊಮ್ಮಗಳೊಬ್ಬಳು ರಸಾಯನಶಾಸ್ತ್ರದಲ್ಲಿ ಡಾಕ್ಟರೇಟಿಗಾಗಿ ದುಡಿಯುತ್ತಿದ್ದಾಳೆ. ಈಗ ನಾಲ್ಕನೆಯ ವರ್ಷ. ಅವಳ ವಿಷಯ 'ಕೈರಲ್ ಮ್ಯಾಕ್ರೊಸೈಕ್ಲಿಕ್ ಲಿಗ್ಯಾಂಡ್'ಗಳ ವಿನ್ಯಾಸ. ಸರಳವಾಗಿ ಹೇಳುವುದಾದರೆ, ಲೋಹದ ಪರಮಾಣುವೊಂದನ್ನು ನಡುವೆ ಹಿಡಿದಿಟ್ಟುಕೊಳ್ಳುವ, ಎಡ-ಬಲದ ಭೇದವುಳ್ಳ ಉಂಗುರಾಕಾರದ ಅಣುಗಳನ್ನು ಕಟ್ಟುವ ಕೆಲಸ. ಕೆಲವು ತಿಂಗಳ ಹಿಂದೆ ಬಂಧುಗಳೊಬ್ಬರ ಗೃಹಪ್ರವೇಶದಲ್ಲಿ ಊಟದ ಪಂಕ್ತಿಯಲ್ಲಿ ಈ ಮಾತು ಬಂದಿತು. ಹಿರಿಯರೊಬ್ಬರು, "ನಾಲ್ಕು ವರ್ಷಕ್ಕೆ ಒಂದು ಉಂಗುರವೇನಮ್ಮಾ? ನಮ್ಮ ಅಕ್ಕಸಾಲಿಗ ನಾಲ್ಕು ದಿನದಲ್ಲಿ ಮಾಡಿಕೊಡುತ್ತಾನೆ, ಬೆರಳಿಗೂ ಹಾಕಿಸಿಬಿಡಬಹುದು" ಎಂದರು. ಪಂಕ್ತಿಯೆಲ್ಲ ನಕ್ಕಿತು, ಅವಳೂ ನಕ್ಕಳು. ಆದರೆ ಸಂಜೆ ನನ್ನ ಬಳಿ ಬಂದು ಕುಳಿತು, "ತಾತ, ನನ್ನ ಉಂಗುರದಿಂದ ಶೇಕಡಾ ಇಪ್ಪತ್ತರ ಆಸುಪಾಸು ಮಾತ್ರ ಬರುತ್ತಿದೆ. ತೊಂಬತ್ತು ಬಾರದ ಅಂಕಿಯನ್ನು ಪ್ರಬಂಧದಲ್ಲಿ ಹಾಕುವುದೇ ಬೇಡ ಎನ್ನುತ್ತಿದ್ದಾರೆ. ಇದನ್ನು ಬಿಟ್ಟು ಬ್ಯಾಂಕ್ ಪರೀಕ್ಷೆಗೆ ಕುಳಿತುಕೊಳ್ಳಲೇ?" ಎಂದು ಕೇಳಿದಳು. ಆ ಪ್ರಶ್ನೆಗೆ ನಾನು ಯೋಚಿಸಿದ್ದೆಲ್ಲವನ್ನೂ ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಎಡಮುರಿ, ಬಲಮುರಿ

ಎಡ-ಬಲದ ಭೇದ ನಮಗೆ ಹೊಸದಲ್ಲ. ಬಲಮುರಿ ಶಂಖ ಅಪರೂಪವೆಂದೂ ಅದಕ್ಕೆ ಬೆಲೆ ಹೆಚ್ಚೆಂದೂ ನಮ್ಮ ಹಿರಿಯರಿಗೆ ಗೊತ್ತಿತ್ತು. ಎರಡು ಶಂಖಗಳನ್ನು ಎದುರುಬದುರಾಗಿಟ್ಟರೆ ಒಂದು ಇನ್ನೊಂದರ ಕನ್ನಡಿಬಿಂಬದಂತೆ ಕಾಣುತ್ತದೆ. ಹೇಗೆ ತಿರುಗಿಸಿದರೂ ಒಂದನ್ನು ಇನ್ನೊಂದರ ಜಾಗದಲ್ಲಿ ಕೂರಿಸಲಾಗದು. ಎಡಗಾಲಿನ ಪಾದರಕ್ಷೆ ಬಲಗಾಲಿಗೆ ಹೊಂದುವುದಿಲ್ಲವಲ್ಲ, ಹಾಗೆಯೇ. ಅಣುಗಳಲ್ಲಿಯೂ ಈ ಭೇದವುಂಟು. ಗ್ರೀಕ್ ಭಾಷೆಯ 'ಕೈ' ಎಂಬರ್ಥದ ಪದದಿಂದ ಲಾರ್ಡ್ ಕೆಲ್ವಿನ್ ಇದಕ್ಕೆ 'ಕೈರಲ್' ಎಂಬ ಹೆಸರನ್ನು ಕೊಟ್ಟನು. ನಮ್ಮ 'ಕೈ'ಗೂ ಅದಕ್ಕೂ ಧ್ವನಿಸಾಮ್ಯವಿರುವುದು ಆಕಸ್ಮಿಕ, ಆದರೆ ನೆನಪಿಡಲು ಅನುಕೂಲ.

ಅಡುಗೆಮನೆಯಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಪುದೀನದ ಪರಿಮಳಕ್ಕೂ ಸಬ್ಬಸಿಗೆ ಬೀಜದ ಪರಿಮಳಕ್ಕೂ ಮುಖ್ಯ ಕಾರಣ ಕಾರ್ವೋನ್ ಎಂಬ ಒಂದೇ ರಚನೆಯ ಅಣು. ಒಂದರಲ್ಲಿರುವುದು ಇನ್ನೊಂದರಲ್ಲಿರುವುದರ ಕನ್ನಡಿಬಿಂಬ, ಅಷ್ಟೇ ವ್ಯತ್ಯಾಸ. ನಮ್ಮ ಮೂಗಿನೊಳಗೆ ವಾಸನೆಯನ್ನು ಗ್ರಹಿಸುವ ಪ್ರೋಟೀನುಗಳೂ ಕೈರಲ್ ಆದ್ದರಿಂದ ಎರಡೂ ಬೇರೆಬೇರೆಯಾಗಿ ತೋರುತ್ತವೆ.

ಸಾರಿನ ಹುಣಸೆಹಣ್ಣಿನಲ್ಲಿಯೂ ಇಂಥದೇ ಅಣುವಿದೆ. ಅದರ ಹುಳಿಗೆ ಮುಖ್ಯ ಕಾರಣ ಟಾರ್ಟಾರಿಕ್ ಆಮ್ಲ. ದ್ರಾಕ್ಷಾರಸದ ಗಸಿಯಲ್ಲಿ ದೊರೆಯುವುದೂ ಇದೇ. 1848ರಲ್ಲಿ ಲೂಯಿ ಪಾಶ್ಚರ್ ಈ ಆಮ್ಲದ ಲವಣವೊಂದರ ಹರಳುಗಳನ್ನು ನೋಡುತ್ತಾ, ಅವುಗಳಲ್ಲಿ ಎಡ-ಬಲದ ಎರಡು ಬಗೆಗಳಿರುವುದನ್ನು ಕಂಡುಕೊಂಡು, ಒಂದೊಂದನ್ನಾಗಿ ಆರಿಸಿ ಬೇರ್ಪಡಿಸಿದನು. ಒಂದು ಗುಂಪಿನ ದ್ರಾವಣ ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸಿತು, ಇನ್ನೊಂದು ಎಡಕ್ಕೆ. ಅಕ್ಕಿಯಲ್ಲಿನ ಕಲ್ಲು ಆರಿಸುವಷ್ಟೇ ತಾಳ್ಮೆಯ ಆ ಕೆಲಸದಿಂದ ಒಂದು ಶಾಸ್ತ್ರವೇ ಹುಟ್ಟಿತು.

ನಮ್ಮ ದೇಹದ ಪ್ರೋಟೀನುಗಳೆಲ್ಲ ಕೈರಲ್ ಆದ್ದರಿಂದ ಔಷಧದ ಎಡ ಅಣು ಮಾಡುವ ಕೆಲಸವನ್ನು ಬಲ ಅಣು ಮಾಡದಿರಬಹುದು. ಆದರೆ ಪ್ರಯೋಗಾಲಯದಲ್ಲಿ ಸಾಮಾನ್ಯ ಕ್ರಿಯೆಯಿಂದ ಇಂಥ ಅಣುವನ್ನು ತಯಾರಿಸಿದರೆ ಎರಡೂ ಸಮಸಮನಾಗಿ ಹುಟ್ಟುತ್ತವೆ. ಬೇಕಾದುದನ್ನು ಮಾತ್ರ ಹುಟ್ಟಿಸಬೇಕಾದರೆ ಕ್ರಿಯಾವರ್ಧಕಕ್ಕೇ ಒಂದು 'ಕೈ' ಇರಬೇಕು. ಬರಿಯ ಲೋಹದ ಪರಮಾಣುವಿಗೆ ಎಡವೂ ಇಲ್ಲ, ಬಲವೂ ಇಲ್ಲ. ಅದನ್ನು ಸುತ್ತಿ ಹಿಡಿಯುವ ಅಣುವೇ ಲಿಗ್ಯಾಂಡ್. ಲೋಹಕ್ಕೆ ಕೈ ಕೊಡುವುದು ಅದು. ಒಂದು ಚಿಟಿಕೆ ಕ್ರಿಯಾವರ್ಧಕ ತನ್ನ ಕೈಯ ಗುರುತನ್ನು ಸಾವಿರಾರು ಪಟ್ಟು ಅಣುಗಳ ಮೇಲೆ ಒತ್ತಬಲ್ಲದು. ಜಪಾನಿನ ತಕಾಸಾಗೊ ಕಂಪನಿಯು 1980ರ ದಶಕದಿಂದ ಮೆಂಥಾಲನ್ನು ತಯಾರಿಸುತ್ತಿರುವುದು ರ್‍ಯೋಜಿ ನೊಯೊರಿಯವರ ಇಂಥ ಕ್ರಿಯಾವರ್ಧಕದಿಂದಲೇ.

ಉಂಗುರವೇ ಏಕೆ?

ಹಾಗಾದರೆ ಉಂಗುರವೇ ಏಕೆ ಬೇಕು? ಪ್ರಶ್ನೆ ನ್ಯಾಯವಾದುದೇ. ಕೈಗಾರಿಕೆಯಲ್ಲಿ ಹೆಸರಾದ ಲಿಗ್ಯಾಂಡುಗಳಲ್ಲಿ ಹೆಚ್ಚಿನವು ಇಂಥ ಉಂಗುರಗಳಲ್ಲ; ಇಕ್ಕಳದಂತೆ ಎರಡು ಕಡೆಯಿಂದ ಲೋಹವನ್ನು ಹಿಡಿಯುವಂಥವು. ಆದರೆ ಪ್ರಕೃತಿ ತನ್ನ ಮುಖ್ಯ ಕೆಲಸಗಳಿಗೆ ಉಂಗುರವನ್ನೇ ಆರಿಸಿಕೊಂಡಿದೆ. ನಮ್ಮ ರಕ್ತದ ಹೀಮ್‌ನಲ್ಲಿ ಕಬ್ಬಿಣ, ಎಲೆಯ ಹರಿತ್ತಿನಲ್ಲಿ ಮೆಗ್ನೀಷಿಯಂ, ಬಿ12 ಜೀವಸತ್ವದಲ್ಲಿ ಕೋಬಾಲ್ಟ್, ಮೂರೂ ಸಾರಜನಕಗಳು ಒಳಮುಖವಾಗಿರುವ ಉಂಗುರಗಳ ನಡುವೆ ಕುಳಿತಿವೆ. ಉಂಗುರ ಒಮ್ಮೆ ಹಿಡಿದ ಲೋಹವನ್ನು ಸುಲಭವಾಗಿ ಬಿಡುವುದಿಲ್ಲ. 1969ರಲ್ಲಿ ಕ್ಯಾಬಿನೆಸ್ ಮತ್ತು ಮಾರ್ಗರಮ್ ಎಂಬಿಬ್ಬರು ಅಳೆದಾಗ, ನಾಲ್ಕು ಸಾರಜನಕಗಳ ಉಂಗುರವು ತಾಮ್ರವನ್ನು ಅಂಥದೇ ತೆರೆದ ಸರಪಳಿಗಿಂತ ಸುಮಾರು 10,000 ಪಟ್ಟು ಬಿಗಿಯಾಗಿ ಹಿಡಿಯುವುದು ಕಂಡುಬಂದಿತು.

ಕಷ್ಟ ಇರುವುದು ಎರಡು ಕಡೆ. ಮೊದಲನೆಯದು, ಉಂಗುರವನ್ನು ಮುಚ್ಚುವುದು. ಉದ್ದನೆಯ ಅಣುವಿನ ಒಂದು ತುದಿ ತನ್ನದೇ ಇನ್ನೊಂದು ತುದಿಯನ್ನು ಹುಡುಕಿಕೊಳ್ಳುವ ಬದಲು ಪಕ್ಕದ ಅಣುವಿನ ತುದಿಯನ್ನು ಹಿಡಿದುಬಿಟ್ಟರೆ ಉಂಗುರದ ಬದಲು ಗೋಜಲು ಸರಪಳಿಯಾಗುತ್ತದೆ. ಅದಕ್ಕಾಗಿ ದ್ರಾವಣವನ್ನು ಅತಿ ತೆಳುವಾಗಿಸುತ್ತಾರೆ, ಇಲ್ಲವೇ ಲೋಹದ ಅಯಾನನ್ನು ನಡುವೆ ಅಚ್ಚಿನಂತೆ ಇಟ್ಟು ಸುತ್ತಲೂ ಕಟ್ಟುತ್ತಾರೆ. ತುಣುಕುಗಳ ಆಕಾರವನ್ನೇ ಉಂಗುರವಾಗಿ ಕೂಡುವಂತೆ ಆರಿಸುವ ದಾರಿಯೂ ಉಂಟು: ಪೋಲೆಂಡಿನ ಗವ್ರೊನ್ಸ್ಕಿ ಮತ್ತು ಸಂಗಡಿಗರು 2000ದಲ್ಲಿ ಕೈರಲ್ ಡೈಅಮೀನಿನ ಮೂರು ತುಣುಕುಗಳನ್ನೂ ಡೈಆಲ್ಡಿಹೈಡಿನ ಮೂರು ತುಣುಕುಗಳನ್ನೂ ಕೂಡಿಸಿ ತ್ರಿಕೋನಾಕಾರದ ದೊಡ್ಡ ಉಂಗುರಗಳನ್ನು ಕಟ್ಟಿ ತೋರಿಸಿದರು. ನಮ್ಮ ಹುಡುಗಿಯೂ ಅದೇ ಬಗೆಯ ಡೈಅಮೀನಿನಿಂದಲೇ ಹೊರಟಿದ್ದಾಳೆ. ಅದರ ಎಡ-ಬಲಗಳನ್ನು ಬೇರ್ಪಡಿಸಲು ಬಳಸುವುದು ಯಾವುದನ್ನು ಗೊತ್ತೇ? ನಮ್ಮ ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲವನ್ನೇ!

ಎರಡನೆಯ ಕಷ್ಟ ಇನ್ನೂ ಸೂಕ್ಷ್ಮ. ಉಂಗುರ ಲೋಹವನ್ನು ಪೂರ್ತಿ ಸುತ್ತಿಕೊಂಡುಬಿಟ್ಟರೆ ಕ್ರಿಯೆಗೆ ಬರಬೇಕಾದ ಅಣುವಿಗೆ ಜಾಗವೇ ಇರುವುದಿಲ್ಲ. ಉಂಗುರ ತಟ್ಟೆಯಂತೆ ಚಪ್ಪಟೆಯಾಗಿದ್ದರೆ ಅದರ ಅಂಚಿನಲ್ಲಿರುವ ಎಡ-ಬಲದ ಭೇದ ನಡುವಿನ ಲೋಹಕ್ಕೆ ತಿಳಿಯುವುದೇ ಇಲ್ಲ. ಹೀಮ್‌ನ ಉಂಗುರವೂ ಹೆಚ್ಚುಕಡಿಮೆ ಚಪ್ಪಟೆಯೇ. ಅಲ್ಲಿ ಕೈಯ ಗುರುತನ್ನು ಒದಗಿಸುವುದು ಸುತ್ತಲಿನ ದೊಡ್ಡ ಪ್ರೋಟೀನು. ಆ ಪ್ರೋಟೀನಿನ ಸಹಾಯವಿಲ್ಲದೆ ಉಂಗುರವೊಂದೇ ಅದರ ಕೆಲಸವನ್ನೂ ಮಾಡಬೇಕೆಂಬುದು ಈ ಮಕ್ಕಳ ಹಂಬಲ. ಅದು ಅಸಾಧ್ಯವಲ್ಲ. 1981ರಲ್ಲಿ ಡೊನಾಲ್ಡ್ ಕ್ರಾಮ್ ಮತ್ತು ಸೋಗಾ ಅವರು ಕೈರಲ್ ಕ್ರೌನ್ ಈಥರ್ ಉಂಗುರದಲ್ಲಿ ಪೊಟ್ಯಾಷಿಯಮನ್ನು ಕೂರಿಸಿ, ಮೈಕೆಲ್ ಕ್ರಿಯೆಯೊಂದರಲ್ಲಿ ಸುಮಾರು ಶೇ. 99ರ ಆಧಿಕ್ಯವನ್ನು ಪಡೆದರು. ಆದರೆ ಒಂದು ಕ್ರಿಯೆಗೆ ಹೊಂದಿದ ಉಂಗುರ ಇನ್ನೊಂದಕ್ಕೆ ಹೊಂದುತ್ತದೆಂಬ ಭರವಸೆಯಿಲ್ಲ. ಹೀಗಿರುವಾಗ ನಾಲ್ಕು ವರ್ಷ ಹೆಚ್ಚೇನಲ್ಲ.

ಆ ಹದಿನೈದು ಯಾರದು?

ಈಗ ತಲೆಬರಹದ ವಿಷಯಕ್ಕೆ ಬರುತ್ತೇನೆ. 1968ರಲ್ಲಿ ಅಮೆರಿಕದ ಮಾನ್ಸಾಂಟೊ ಕಂಪನಿಯಲ್ಲಿ ವಿಲಿಯಂ ನೋಲ್ಸ್ ಎಂಬ ವಿಜ್ಞಾನಿ, ಕೈರಲ್ ರಂಜಕವುಳ್ಳ ಲಿಗ್ಯಾಂಡನ್ನು ರೋಡಿಯಂ ಲೋಹಕ್ಕೆ ಜೋಡಿಸಿ, ಜಲಜನಕವನ್ನು ಕೂಡಿಸುವ ಕ್ರಿಯೆಯನ್ನು ನಡೆಸಿದರು. ದೊರೆತ ಆಧಿಕ್ಯ ಶೇ. 15. ಅಂದರೆ ಇನ್ನೂರು ಅಣುಗಳಲ್ಲಿ 115 ಒಂದು ಕಡೆಯವು, 85 ಇನ್ನೊಂದು ಕಡೆಯವು. ವ್ಯಾಪಾರದ ಲೆಕ್ಕದಲ್ಲಿ ಇದು ಯಾವ ಪ್ರಯೋಜನಕ್ಕೂ ಬಾರದ ಅಂಕಿ. ನೋಲ್ಸ್ ಅದನ್ನು ಮುಚ್ಚಿಡಲಿಲ್ಲ, ಪ್ರಕಟಿಸಿದರು. ಲಿಗ್ಯಾಂಡಿನ ಆಕಾರವನ್ನು ತಿದ್ದುತ್ತಾ ಹೋದಂತೆ ಅಂಕಿ 88ಕ್ಕೆ ಏರಿತು, ಕೊನೆಗೆ 95ಕ್ಕೆ. ಪಾರ್ಕಿನ್ಸನ್ ರೋಗಿಗಳಿಗೆ ಬೇಕಾದ ಎಲ್-ಡೋಪಾ ಎಂಬ ಔಷಧವನ್ನು 1970ರ ದಶಕದಲ್ಲಿ ಆ ವಿಧಾನದಿಂದ ಕೈಗಾರಿಕಾ ಪ್ರಮಾಣದಲ್ಲಿ ತಯಾರಿಸಲು ಸಾಧ್ಯವಾಯಿತು. 1986ರಲ್ಲಿ ನೋಲ್ಸ್ ನಿವೃತ್ತರಾದರು. ಅದಾದ ಹದಿನೈದು ವರ್ಷಕ್ಕೆ, 2001ರಲ್ಲಿ, ತಮ್ಮ 84ನೆಯ ವಯಸ್ಸಿನಲ್ಲಿ, ನೊಯೊರಿ ಮತ್ತು ಶಾರ್ಪ್‌ಲೆಸ್ ಅವರೊಂದಿಗೆ ನೊಬೆಲ್ ಪ್ರಶಸ್ತಿಯನ್ನು ಪಡೆದರು.

ಉಂಗುರಗಳ ಕಥೆಯೂ ಸಣ್ಣ ಅಂಕಿಯಿಂದಲೇ ಆರಂಭವಾಯಿತು. ಡ್ಯುಪಾಂಟ್ ಕಂಪನಿಯ ಚಾರ್ಲ್ಸ್ ಪೆಡರ್ಸನ್ ಬೇರೇನನ್ನೋ ತಯಾರಿಸುತ್ತಿದ್ದಾಗ ಅಡ್ಡ ಉತ್ಪನ್ನವಾಗಿ ಬಿಳಿಯ ಹರಳುಗಳು ದೊರೆತವು. ಇಳುವರಿ ಶೇ. 0.4 ಮಾತ್ರ. ಕಸವೆಂದು ಎಸೆಯಲು ಯಾವ ಅಡ್ಡಿಯೂ ಇರಲಿಲ್ಲ. ಪೆಡರ್ಸನ್ ಎಸೆಯಲಿಲ್ಲ, ಇದೇನೆಂದು ಕೇಳಿದರು. ಅದೇ ಮೊದಲ ಕ್ರೌನ್ ಈಥರ್. 1967ರಲ್ಲಿ ಅದು ಪ್ರಕಟವಾಯಿತು, 1987ರಲ್ಲಿ ಕ್ರಾಮ್ ಮತ್ತು ಲೆನ್ ಅವರೊಂದಿಗೆ ನೊಬೆಲ್ ಬಂದಿತು. ಡಾಕ್ಟರೇಟ್ ಪದವಿಯೇ ಇಲ್ಲದ ವ್ಯಕ್ತಿ ಅವರು!

ಹದಿನೈದಕ್ಕೂ ತೊಂಬತ್ತೈದಕ್ಕೂ ನಡುವಿನ ಅಂತರ ಎಷ್ಟು ದೊಡ್ಡದು? ಶಕ್ತಿಯ ಲೆಕ್ಕದಲ್ಲಿ ನೋಡಿದರೆ ಅಚ್ಚರಿಯಾಗುತ್ತದೆ. ಕೋಣೆಯ ತಾಪದಲ್ಲಿ ಎಡದ ದಾರಿಗೂ ಬಲದ ದಾರಿಗೂ ಮೋಲ್ ಒಂದಕ್ಕೆ ಸುಮಾರು 0.2 ಕಿಲೊಕ್ಯಾಲರಿಯ ವ್ಯತ್ಯಾಸವಿದ್ದರೆ ಶೇ. 15 ಬರುತ್ತದೆ; ಸುಮಾರು 2.2 ಇದ್ದರೆ ಶೇ. 95. ನಡುವಿನ ಅಂತರ ಎರಡು ಕಿಲೊಕ್ಯಾಲರಿ ಮಾತ್ರ. ಈಥೇನ್ ಅಣುವಿನ ಎರಡು ತುದಿಗಳು ಸುತ್ತು ತಿರುಗುವಾಗ ದಾಟುವ ತಡೆಯೇ ಸುಮಾರು ಮೂರು. ಇಷ್ಟು ಸಣ್ಣ ವ್ಯತ್ಯಾಸವನ್ನು ದೊಡ್ಡ ಅಣುಗಳಲ್ಲಿ ಲೆಕ್ಕದಿಂದ ಮೊದಲೇ ಹೇಳಿಬಿಡುವುದು ಇಂದಿನ ಗಣಕಯಂತ್ರಗಳಿಗೂ ಸುಲಭವಲ್ಲ. ಆದುದರಿಂದ ಮಾಡಿಯೇ ನೋಡಬೇಕು, ನೋಡಿದ್ದನ್ನು ಬರೆದಿಡಬೇಕು. ಇಪ್ಪತ್ತು ತಂದ ಉಂಗುರ ಗುರಿಯಿಂದ ಬಹಳ ದೂರವೇನೂ ಇಲ್ಲ.

ತೊಂಬತ್ತೇಳೋ, ನೂರೋ?

ಹಾಸನದ ಕಡೆಯ ನಮ್ಮ ಪ್ರೌಢಶಾಲೆಯಲ್ಲಿ ಓದಿದವರಿಗೆ ಒಂದು ಪ್ರಯೋಗ ನೆನಪಿರಬಹುದು. ಬೀಕರಿನಲ್ಲಿ ನೀರು ಕಾಯಿಸಿ, ಕುದಿಯುವಾಗ ಉಷ್ಣಮಾಪಕವನ್ನು ಓದಿ ಬರೆಯುವುದು. ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಎತ್ತರದಲ್ಲಿರುವ ಊರಿನಲ್ಲಿ ಪಾದರಸ 97ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಆದರೆ ಪುಸ್ತಕದಲ್ಲಿ 100 ಎಂದಿದೆ! ತರಗತಿಯ ಮುಕ್ಕಾಲು ಪಾಲು ನೋಟುಪುಸ್ತಕಗಳಲ್ಲಿ ಪ್ರತಿವರ್ಷವೂ 100 ಎಂದೇ ಇರುತ್ತಿತ್ತು. ಕಣ್ಣು ಕಂಡದ್ದನ್ನು ಕೈ ಬರೆಯಲಿಲ್ಲ. 97 ಎಂದು ಬರೆದು, "ಸಾರ್, ಉಷ್ಣಮಾಪಕ ಕೆಟ್ಟಿದೆಯೇ?" ಎಂದು ಹೆದರುತ್ತಾ ಕೇಳಿದವರಿಗೆ ನಾನು ಪೂರ್ಣಾಂಕ ಕೊಡುತ್ತಿದ್ದೆ. ಅವರೊಂದಿಗೆ ಗಾಳಿಯ ಒತ್ತಡದ ಪಾಠವನ್ನು ಅಲ್ಲಿಂದಲೇ ಆರಂಭಿಸುವುದು ಸಾಧ್ಯವಾಗುತ್ತಿತ್ತು. ನೂರು ಬರೆದವರ ಪುಸ್ತಕದಿಂದ ಆರಂಭಿಸಲು ಏನೂ ಇರುತ್ತಿರಲಿಲ್ಲ.

ತೊಂಬತ್ತು ಬಾರದಿದ್ದರೆ ಪ್ರಬಂಧದಲ್ಲಿ ಹಾಕಬೇಡ ಎನ್ನುವುದು ಇದೇ ರೋಗದ ಬೆಳೆದ ರೂಪ. ಸೋತ ಉಂಗುರ ಏಕೆ ಸೋತಿತೆಂದು ಬರೆದಿಡದಿದ್ದರೆ ಇನ್ನೊಂದು ಊರಿನ ಇನ್ನೊಬ್ಬ ವಿದ್ಯಾರ್ಥಿ ಅದೇ ಉಂಗುರವನ್ನು ಕಟ್ಟಿ ಅದೇ ಎರಡು ವರ್ಷವನ್ನು ಕಳೆಯುತ್ತಾನೆ. ಈಗ ಲಿಗ್ಯಾಂಡಿನ ವಿನ್ಯಾಸಕ್ಕೂ ಕೃತಕ ಬುದ್ಧಿಮತ್ತೆಯನ್ನು ಬಳಸುತ್ತಿದ್ದಾರೆ. ಆ ಯಂತ್ರ ಕಲಿಯುವುದು ಪ್ರಕಟವಾದ ಅಂಕಿಗಳಿಂದ. ಗೆದ್ದ ಉದಾಹರಣೆಗಳನ್ನು ಮಾತ್ರ ತೋರಿಸಿದರೆ ಅದಕ್ಕೆ ಸೋಲೆಂದರೇನೆಂದು ತಿಳಿಯುವ ಬಗೆ ಹೇಗೆ?

ಕೆಲವು ಆಕ್ಷೇಪಗಳು

ಇದೆಲ್ಲ ಜನರ ತೆರಿಗೆಯ ಹಣವಲ್ಲವೇ ಎಂದು ಕೇಳುವವರಿದ್ದಾರೆ. ನಿಜ. 2023ರಲ್ಲಿ ನಿಗದಿಯಾದಂತೆ ಕಿರಿಯ ಸಂಶೋಧಕರಿಗೆ ತಿಂಗಳಿಗೆ 37,000 ರೂಪಾಯಿ, ಹಿರಿಯರಾದ ಮೇಲೆ 42,000. ಒಟ್ಟು ಅವಧಿ ಐದು ವರ್ಷ. ಲೆಕ್ಕ ಕೇಳುವುದು ತಪ್ಪಲ್ಲ, ಕಾಲದ ಮಿತಿಯೂ ಬೇಕು. ಆದರೆ ಕೇಳಬೇಕಾದ ಲೆಕ್ಕ ಶ್ರದ್ಧೆಯದು, ಪ್ರಾಮಾಣಿಕತೆಯದು. ದೊಡ್ಡ ಅಂಕಿಯನ್ನೇ ತಾ ಎಂದು ಹಣ ಕೊಟ್ಟರೆ ದೊಡ್ಡ ಅಂಕಿ ಬರುತ್ತದೆ, ಅದು ನಿಜವಾಗಿರುತ್ತದೆಂದು ಹೇಳಲಾಗದು.

ನನ್ನ ಅಣ್ಣನ ಮಗ ಔಷಧ ಕಂಪನಿಯಲ್ಲಿರುವವನು. ಅವನ ಆಕ್ಷೇಪ ಬೇರೆ: "ದೊಡ್ಡಪ್ಪ ಎಂದು ಮಕ್ಕಳು ಕರೆಯುವ ವಯಸ್ಸಾಯಿತು ನನಗೆ, ನೀವಿನ್ನೂ ಉಂಗುರ ಎನ್ನುತ್ತೀರಲ್ಲ ಚಿಕ್ಕಪ್ಪ! ಈಗ ಎಂಜೈಮುಗಳ ಕಾಲ." ಅವನ ಮಾತಿನಲ್ಲಿ ಸತ್ಯವಿದೆ. ಸಕ್ಕರೆ ಕಾಯಿಲೆಯ ಸಿಟಾಗ್ಲಿಪ್ಟಿನ್ ಔಷಧಕ್ಕೆ ಮರ್ಕ್ ಕಂಪನಿ ಮೊದಲು ರೋಡಿಯಂ ಮತ್ತು ಕೈರಲ್ ಲಿಗ್ಯಾಂಡನ್ನು ಬಳಸುತ್ತಿತ್ತು. 2010ರಲ್ಲಿ ಮರ್ಕ್ ಮತ್ತು ಕೊಡೆಕ್ಸಿಸ್ ಕಂಪನಿಗಳು ಅದರ ಜಾಗದಲ್ಲಿ ತಿದ್ದಿದ ಎಂಜೈಮನ್ನು ತಂದವು. ಆದರೆ ಆ ಎಂಜೈಮಿನ ಕಥೆಯನ್ನೂ ಪೂರ್ತಿ ಓದಬೇಕು. ಆರಂಭದ ಎಂಜೈಮಿಗೆ ಆ ಅಣುವಿನ ಮೇಲೆ ಯಾವ ಪ್ರಭಾವವೂ ಇರಲಿಲ್ಲ. ಮೊದಲು ತಿದ್ದಿದ್ದು ಶೇ. 1ಕ್ಕೂ ಕಡಿಮೆಯಷ್ಟನ್ನು ಮಾತ್ರ ಪರಿವರ್ತಿಸಿತು. ಆ ಒಂದಕ್ಕೂ ಕಡಿಮೆಯನ್ನು ಹಿಡಿದುಕೊಂಡು ಮೇಲಕ್ಕೇರಿದರು. ಅಲ್ಲಿಯೂ ನನ್ನ ಮಾತೇ ಗೆದ್ದಿತಲ್ಲವೇ?

ಇನ್ನೊಂದು ಎಚ್ಚರಿಕೆ, ಇದು ನನ್ನ ಪಕ್ಷದವರಿಗೇ. ಕೈರಲ್ ರಸಾಯನಶಾಸ್ತ್ರ ಏಕೆ ಬೇಕೆಂದು ಕೇಳಿದಾಗಲೆಲ್ಲ ಥಾಲಿಡೊಮೈಡ್ ದುರಂತವನ್ನು ಮುಂದಿಡುವುದು ವಾಡಿಕೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದು 1961ರಲ್ಲಿ ಹಿಂತೆಗೆಯಲ್ಪಟ್ಟ ಆ ಔಷಧದಿಂದ ಹತ್ತು ಸಾವಿರಕ್ಕೂ ಹೆಚ್ಚು ಶಿಶುಗಳು ಅಂಗವೈಕಲ್ಯದೊಂದಿಗೆ ಹುಟ್ಟಿದವು. 'ಒಂದು ಕೈಯ ಅಣು ಔಷಧ, ಇನ್ನೊಂದು ವಿಷ. ಬೇರ್ಪಡಿಸಿದ್ದರೆ ಮಕ್ಕಳು ಉಳಿಯುತ್ತಿದ್ದರು' ಎಂದು ಹೇಳಲಾಗುತ್ತದೆ. ಆದರೆ ದೇಹದೊಳಗೆ ಆ ಅಣುವಿನ ಎರಡು ರೂಪಗಳೂ ಒಂದರಿಂದೊಂದಕ್ಕೆ ಬದಲಾಗುತ್ತವೆ. ಒಂದನ್ನೇ ಕೊಟ್ಟಿದ್ದರೂ ಕಾಪಾಡುವುದು ಸಾಧ್ಯವಿರಲಿಲ್ಲ. ಒಳ್ಳೆಯ ವಿಷಯಕ್ಕೆ ದುರ್ಬಲ ಸಾಕ್ಷಿಯನ್ನು ತರಬಾರದು. ಎಲ್-ಡೋಪಾ ಇದೆ, ಮೆಂಥಾಲ್ ಇದೆ, ಅವು ಸಾಕು.

ಹಾಗೆಂದು ಸಣ್ಣ ಅಂಕಿಗಳೆಲ್ಲ ಪೂಜ್ಯವೆಂದು ನಾನು ಹೇಳುತ್ತಿಲ್ಲ. ನೋಲ್ಸ್ ಅವರ ಹದಿನೈದಕ್ಕೆ ಬೆಲೆ ಬಂದದ್ದು ಅದರ ಹಿಂದಿನ ಎಚ್ಚರದಿಂದ. ಬಳಸಿದ ಲಿಗ್ಯಾಂಡೇ ಪೂರ್ತಿ ಶುದ್ಧವಲ್ಲ, ಅದರ ಶುದ್ಧತೆ ಸುಮಾರು ಶೇ. 69 ಎಂಬುದು ಅವರಿಗೆ ಗೊತ್ತಿತ್ತು. ಅದನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಅಸಡ್ಡೆಯಿಂದ ಬಂದ ಹದಿನೈದು ಬೇರೆ, ಪದೇಪದೇ ಅಳೆದು, ಶುದ್ಧತೆಯನ್ನು ಪರೀಕ್ಷಿಸಿ ಬಂದ ಹದಿನೈದು ಬೇರೆ.

ನಮ್ಮ ಹುಡುಗಿಗೆ ನಾನು ಹೇಳಿದ್ದೂ ಇಷ್ಟೇ: ಮುಂದುವರಿಯುವುದು ಬಿಡುವುದು ನಿನ್ನ ಇಷ್ಟ, ಬ್ಯಾಂಕಿನ ಕೆಲಸವೂ ಮರ್ಯಾದೆಯದೇ. ಆದರೆ ಬಿಡುವುದಾದರೂ ಆ ಅಧ್ಯಾಯವನ್ನು ಬರೆದು ಬಿಡು. ಎಷ್ಟು ಉಂಗುರ ಕಟ್ಟಿದೆ, ಯಾವುದಕ್ಕೆ ಎಷ್ಟು ಬಂದಿತು, ಏಕೆಂದು ನಿನಗೆ ತೋರುತ್ತದೆ, ಎಲ್ಲವನ್ನೂ ಬರೆ.

ಕೊನೆಯದಾಗಿ ಎರಡು ಬಿನ್ನಹಗಳು. ಬಂಧುಗಳೇ, ಮದುವೆ ಮುಂಜಿಗಳಲ್ಲಿ ಈ ಮಕ್ಕಳು ಸಿಕ್ಕಾಗ "ಯಾವಾಗ ಮುಗಿಯುತ್ತದೆ?" ಎಂದು ಕೇಳಬೇಡಿ. "ಈ ವರ್ಷ ಏನು ಕಂಡೆ?" ಎಂದು ಕೇಳಿ. ಉತ್ತರ ಅರ್ಥವಾಗದಿದ್ದರೂ ನಷ್ಟವಿಲ್ಲ, ಕೇಳಿಸಿಕೊಂಡರೆ ಸಾಕು. ಶಿಷ್ಯರೇ, ನಿಮ್ಮಲ್ಲಿ ಹಲವರು ಇಂದು ಪ್ರಾಧ್ಯಾಪಕರಾಗಿದ್ದೀರಿ, ಮಾರ್ಗದರ್ಶಕರಾಗಿದ್ದೀರಿ, ಪ್ರಬಂಧಗಳ ಪರೀಕ್ಷಕರೂ ಆಗಿದ್ದೀರಿ. ನಿಮ್ಮ ಮೇಜಿನ ಮೇಲೆ ಶೇಕಡಾ ಹದಿನೈದೋ ಇಪ್ಪತ್ತೋ ಎಂದು ಧೈರ್ಯವಾಗಿ ಬರೆದ ಪುಟವೊಂದು ಬಂದರೆ ಅದರ ಮೇಲೆ ಗೆರೆ ಎಳೆಯುವ ಮೊದಲು ಹೇಗೆ ಅಳೆದರೆಂದು ನೋಡಿ. ಸರಿಯಾಗಿ ಅಳೆದಿದ್ದರೆ ಅದನ್ನು ಉಳಿಸಿಕೊಡಿ.

ಎಲ್ಲರಿಗೂ ಶುಭವಾಗಲಿ.

ಇತಿ,
ನಿಮ್ಮ ಮೇಷ್ಟ್ರು